ಆಮ್ಲದ ಪೂರ್ವಾಶ್ರಮ

ಬೆಳೆಗೆ ಬೇಕಾದ ಸಾರಜನಕವನ್ನು ಗಾಳಿಯಿಂದ ಹಿಡಿಯಬಹುದು. ಕಾರ್ಖಾನೆ ಅದನ್ನು ಹಿಡಿದು ಯೂರಿಯಾ ಮಾಡುತ್ತದೆ. ಅವರೆ, ಹುರುಳಿಯ ಬೇರಿನ ಗಂಟುಗಳಲ್ಲಿ ಕೂತ ಸೂಕ್ಷ್ಮಜೀವಿಗಳು ಕಾರ್ಖಾನೆಯ ಹಂಗಿಲ್ಲದೆ ಅದೇ ಕೆಲಸ ಮಾಡುತ್ತವೆ. ರಂಜಕದ ವಿಷಯ ಹಾಗಲ್ಲ. ಗಾಳಿಯಲ್ಲಿ ಅದು ಇಲ್ಲ. ಯಾವ ಗಿಡವೂ, ಯಾವ ಯಂತ್ರವೂ ಅದನ್ನು ಹೊಸದಾಗಿ ಹುಟ್ಟಿಸಲಾರದು. ನಮ್ಮ ಮೂಳೆಯಲ್ಲಿ, ಜೀವಕೋಶದ ಡಿಎನ್‌ಎಯಲ್ಲಿ, ರಾಗಿಯ ಒಂದೊಂದು ಕಾಳಿನಲ್ಲಿ ಇರುವ ರಂಜಕವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಕಲ್ಲಿನೊಳಗಿತ್ತು. ಕಲ್ಲಿನಿಂದ ಅದನ್ನು ಬಿಡಿಸುವ ಕೆಲಸವನ್ನು ಮಳೆ, ಬೇರು, ಶಿಲೀಂಧ್ರಗಳು ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ಮಾಡುತ್ತವೆ. ಗೊಬ್ಬರದ ಕಾರ್ಖಾನೆ ಕೆಲವೇ ವಾರಗಳಲ್ಲಿ ಮಾಡುತ್ತದೆ, ಆಮ್ಲದಿಂದ.

ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆ, ಅಂಚೆಟ್ಟಿ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಸೀಮೆಯ ನೆಲ ಕೆಂಪು. ತಮಿಳುನಾಡಿನಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಈ ಊರುಗಳಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ. ಅದರ ಜೊತೆಗೆ ಮಾವು, ಟೊಮೆಟೊ, ಎಲೆಕೋಸು, ಹೊಸೂರಿನ ಗುಲಾಬಿ. ನೆಲಕ್ಕೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡ್. ಅದಕ್ಕೂ ಅಲ್ಯುಮಿನಿಯಂ ಆಕ್ಸೈಡಿಗೂ ರಂಜಕವೆಂದರೆ ಬಲು ಹಸಿವು. ನೀರಿನಲ್ಲಿ ಕರಗಿ ಬಂದ ಫಾಸ್ಫೇಟನ್ನು ಅವು ಬೇರಿಗೆ ಸಿಗುವ ಮೊದಲೇ ಹಿಡಿದುಕೊಂಡುಬಿಡುತ್ತವೆ. ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಪಾಲು ಮಾತ್ರ. ಉಳಿದದ್ದು ಕಳೆದುಹೋಗುವುದಿಲ್ಲ, ಮಣ್ಣಿನಲ್ಲೇ ಇರುತ್ತದೆ, ಆದರೆ ಬಿಗಿಯಾಗಿ ಕಟ್ಟಿಬಿದ್ದಿರುತ್ತದೆ. ಆದ್ದರಿಂದಲೇ ಇಲ್ಲಿನ ರೈತರು ಕೊಟ್ಟಿಗೆ ಗೊಬ್ಬರದ ಜೊತೆ ಅಂಗಡಿಯಿಂದ ಡಿಎಪಿಯನ್ನೋ ‘ಸೂಪರ್’ ಮೂಟೆಯನ್ನೋ ತಂದು ಬಿತ್ತನೆಯ ಸಾಲಿನಲ್ಲೇ ಹಾಕುತ್ತಾರೆ. ಎಲ್ಲೆಡೆ ಚೆಲ್ಲುವುದಕ್ಕಿಂತ ಬೇರಿನ ಬಳಿ ಇಡುವುದು ಮೇಲು ಎಂಬುದು ಅನುಭವದ ಮಾತೂ ಹೌದು, ರಸಾಯನಶಾಸ್ತ್ರದ ಮಾತೂ ಹೌದು.

ಈ ‘ಸೂಪರ್’ ಅಂದರೆ ಸಿಂಗಲ್ ಸೂಪರ್ ಫಾಸ್ಫೇಟ್. ಅದರ ಮೂಲ ಅಪಟೈಟ್ ಎಂಬ ಖನಿಜ. ಕ್ಯಾಲ್ಸಿಯಂ, ಫಾಸ್ಫೇಟ್, ಒಂದಿಷ್ಟು ಫ್ಲೋರಿನ್ ಸೇರಿ ಆದ ಹರಳು. ನಮ್ಮ ಹಲ್ಲು, ಮೂಳೆಗಳೂ ಇದೇ ಕುಟುಂಬದ ಖನಿಜಗಳೇ. ಅಲ್ಲಿ ಫ್ಲೋರಿನ್ ಇರಬೇಕಾದ ಜಾಗದಲ್ಲಿ ಬಹುಪಾಲು ಹೈಡ್ರಾಕ್ಸಿಲ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಹಲ್ಲು ಬಾಯೊಳಗಿನ ತೇವದಲ್ಲಿ ಎಂಬತ್ತು ವರ್ಷ ಕರಗದೆ ನಿಲ್ಲಬಲ್ಲದು. ಅಂಥದ್ದೇ ಕಲ್ಲನ್ನು ಪುಡಿ ಮಾಡಿ ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಏನು ಸಿಕ್ಕೀತು? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ಹುಳಿ; ಅಲ್ಲಿ ರಾಕ್ ಫಾಸ್ಫೇಟ್ ಪುಡಿಯನ್ನು ಹಾಗೆಯೇ ಹಾಕುವ ರೂಢಿಯಿದೆ. ಮಣ್ಣಿನ ಹುಳಿಯೇ ಅದನ್ನು ನಿಧಾನವಾಗಿ ಕರಗಿಸುತ್ತದೆ. ಹೊಸೂರಿನ ರಾಗಿ ಹೊಲದ ಮಣ್ಣಿಗೆ ಅಷ್ಟು ಹುಳಿಯಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುವ ಬೆಳೆಗೆ ಅಷ್ಟು ಪುರುಸೊತ್ತೂ ಇಲ್ಲ. ಹುಳಿಯನ್ನು ಕಾರ್ಖಾನೆಯಲ್ಲೇ ಸೇರಿಸಬೇಕು.

ಆ ಉಪಾಯವನ್ನು ಉದ್ಯಮವಾಗಿ ಮಾಡಿದವನು ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್. ಮೂಳೆಯನ್ನೂ ಫಾಸ್ಫೇಟ್ ಖನಿಜವನ್ನೂ ಗಂಧಕಾಮ್ಲದಲ್ಲಿ ಕಲಸಿ ಗೊಬ್ಬರ ಮಾಡುವ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದ. ಅದರ ಮರುವರ್ಷ ತನ್ನ ಊರಾದ ರೋಥಮ್‌ಸ್ಟೆಡ್‌ನಲ್ಲಿ ಶುರುಮಾಡಿದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಭಾರತಕ್ಕೆ ಈ ವಿದ್ಯೆ ಬಂದದ್ದು ಹೊಸೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯ ಮಗ್ಗುಲಿಗೇ. ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು, ವೆಲ್ಲೂರು ದಾಟಿದರೆ ಪಾಲಾರ್ ನದಿಯ ದಂಡೆಯಲ್ಲಿ ರಾಣಿಪೇಟೆ ಸಿಗುತ್ತದೆ. ಪ್ಯಾರಿ ಕಂಪನಿ 1906ರಲ್ಲಿ ಅಲ್ಲಿ ಸೂಪರ್ ಫಾಸ್ಫೇಟ್ ಕಾರ್ಖಾನೆ ಆರಂಭಿಸಿತು. ವರ್ಷಕ್ಕೆ 6,000 ಟನ್ ಸಾಮರ್ಥ್ಯ. ಭಾರತದ ರಾಸಾಯನಿಕ ಗೊಬ್ಬರ ಉದ್ಯಮದ ಚರಿತ್ರೆ ಶುರುವಾಗುವುದೇ ಈ ಕಾರ್ಖಾನೆಯಿಂದ. ಗೊಬ್ಬರವಾಗಿ ಯೂರಿಯಾ, ಡಿಎಪಿಗಳ ಹೆಸರೇ ಇಲ್ಲದ ಕಾಲ ಅದು.

ಕಾರ್ಖಾನೆಯೊಳಗೆ ನಡೆಯುವುದು ನೋಡಲು ಒರಟು ಕೆಲಸ, ಒಳಗೆ ಬಹಳ ನಾಜೂಕು. ಶಿಲೆಯನ್ನು ಗೋಧಿ ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಾರೆ. ಮಿಕ್ಸರಿನಲ್ಲಿ ಅದಕ್ಕೆ ಗಂಧಕಾಮ್ಲ ಬೀಳುತ್ತದೆ. ಬಿದ್ದ ಕ್ಷಣವೇ ಬಿಸಿ ಏರಿ ನೂರು ಡಿಗ್ರಿ ದಾಟುತ್ತದೆ, ಇಡೀ ರಾಡಿ ನೊರೆಯುತ್ತ ಉಬ್ಬುತ್ತದೆ. ಅದು ‘ಡೆನ್’ ಎನ್ನುವ ಮುಚ್ಚಿದ ಕೋಣೆಗೆ ಹೋಗಿ, ನಿಧಾನವಾಗಿ ಸರಿಯುವ ತಳದ ಮೇಲೆ ಕೂತು ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಇನ್ನೊಂದು ತುದಿಯಲ್ಲಿ ತಿರುಗುವ ಅಲಗುಗಳು ಅದನ್ನು ಕೆತ್ತಿ ಕೆಡವುತ್ತವೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಗೋದಾಮಿನಲ್ಲಿ ರಾಶಿ ಹಾಕಿ ಎರಡು ಮೂರು ವಾರ ಮಾಗಲು ಬಿಡಬೇಕು. ಗಂಧಕಾಮ್ಲ ಮೊದಲು ಒಂದಷ್ಟು ಅಪಟೈಟನ್ನು ಮುರಿದು ಫಾಸ್ಫಾರಿಕ್ ಆಮ್ಲ ಮಾಡುತ್ತದೆ; ಆ ಫಾಸ್ಫಾರಿಕ್ ಆಮ್ಲ ರಾಶಿಯೊಳಗೆ ಉಳಿದ ಅಪಟೈಟನ್ನು ಹುಡುಕಿ ಹುಡುಕಿ ಕರಗಿಸುತ್ತದೆ. ಕೊನೆಗೆ ಸಿಗುವುದು ನೀರಿನಲ್ಲಿ ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್, ಅದರೊಳಗೆ ಬೆರೆತ ಜಿಪ್ಸಂ. ಮೂಟೆಯ ಮೇಲೆ ಶೇ. 16 ಫಾಸ್ಫೇಟ್, ಶೇ. 11 ಗಂಧಕ ಎಂದು ಬರೆದಿರುವುದು ಇದನ್ನೇ. ಆ ಗಂಧಕ ಆಮ್ಲದಿಂದಲೇ ಬಂದದ್ದು. ಶೇಂಗಾ, ಹುಚ್ಚೆಳ್ಳು ಬೆಳೆಯುವವರಿಗೆ ಅದು ಕೊಸರಲ್ಲ, ಎಣ್ಣೆಕಾಳಿಗೆ ಬೇಕೇ ಬೇಕಾದ ಪೋಷಕ. ಡಿಎಪಿಯಲ್ಲಿ ಫಾಸ್ಫೇಟ್ ಶೇ. 46 ಇದ್ದರೂ ಗಂಧಕವೂ ಇಲ್ಲ, ಕ್ಯಾಲ್ಸಿಯಮ್ಮೂ ಇಲ್ಲ. ಅದನ್ನು ತಯಾರಿಸುವಾಗ ಜಿಪ್ಸಂ ಬೇರೆಯಾಗಿ ಬೆಟ್ಟದಂತೆ ಬೀಳುತ್ತದೆ. ಸೂಪರ್‌ನಲ್ಲಿ ಅದು ಮೂಟೆಯೊಳಗೇ ಹೊಲಕ್ಕೆ ಹೋಗುತ್ತದೆ. ದುರ್ಬಲ ಗೊಬ್ಬರವೆಂದು ಹಲವರು ಹೀಗಳೆಯುವ ಸೂಪರ್ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ.

ಈಗ ಲೆಕ್ಕ. ಒಂದು ಟನ್ ಶಿಲೆಗೆ ಸ್ಥೂಲವಾಗಿ 600ರಿಂದ 650 ಕೆಜಿ ಗಂಧಕಾಮ್ಲ ಬೇಕು. ಮಾರುಕಟ್ಟೆಯಲ್ಲಿ ಆಮ್ಲ ಶೇ. 98ರ ಸಾಂದ್ರತೆಯಲ್ಲಿ ಬರುತ್ತದೆ. ಅದನ್ನು ಹಾಗೆಯೇ ಸುರಿದರೆ ಶಿಲೆಯ ಕಣದ ಮೈಮೇಲೆ ತಕ್ಷಣ ಜಿಪ್ಸಂ ಪೊರೆ ಕಟ್ಟಿ ಒಳಗಿನ ಅಪಟೈಟಿಗೆ ಆಮ್ಲ ತಲುಪದೇ ಹೋಗುತ್ತದೆ. ಆದ್ದರಿಂದ ಕಾರ್ಖಾನೆಯೇ ನೀರು ಬೆರೆಸಿ ಅದನ್ನು ಶೇ. 65–70ಕ್ಕೆ ಇಳಿಸುತ್ತದೆ. ಶುದ್ಧವಾದ, ಪ್ರಬಲವಾದ ಆಮ್ಲವನ್ನು ಹಣ ಕೊಟ್ಟು ತಂದು, ನೀರು ಹಾಕಿ, ಮೂರನೇ ಎರಡು ಪಾಲಿನ ಬಲಕ್ಕೆ ತಂದು ಬಳಸುವ ಉದ್ಯಮ ಇದು. ಹಾಗಿದ್ದರೆ ಬೇರೆಲ್ಲೋ ಒಂದು ಸಲ ದುಡಿದು, ತಾನಾಗಿಯೇ ಶೇ. 70ಕ್ಕೆ ಇಳಿದ ಆಮ್ಲ ಸಿಕ್ಕರೆ ಅದೇ ಯಾಕಾಗಬಾರದು?

ಆಗಬಹುದು, ಆಗುತ್ತಲೂ ಇದೆ. ಬಟ್ಟೆ ಸೋಪಿನ ಪುಡಿಗೆ ಬೇಕಾದ ‘ಆಸಿಡ್ ಸ್ಲರಿ’ಯನ್ನು ಹಳೆಯ ಪದ್ಧತಿಯಲ್ಲಿ, ಅಂದರೆ ಓಲಿಯಂ ಎಂಬ ಅತಿ ಪ್ರಬಲ ಗಂಧಕಾಮ್ಲದಿಂದ, ಮಾಡಿದಾಗ ಅಡಿಯಲ್ಲಿ ಶೇ. 70ಕ್ಕೂ ಮೇಲ್ಪಟ್ಟ ಬಲದ ಗಂಧಕಾಮ್ಲ ಉಳಿಯುತ್ತದೆ. ಬಣ್ಣದ ಕಾರ್ಖಾನೆಗಳಲ್ಲೂ ಹೀಗೇ ಉಳಿಯುತ್ತದೆ, ಅಲ್ಲಿ ಬಲ ಇನ್ನೂ ಕಡಿಮೆ. ಇವಕ್ಕೆ ಉದ್ಯಮದಲ್ಲಿ ‘ಸ್ಪೆಂಟ್ ಆಸಿಡ್’ ಎನ್ನುತ್ತಾರೆ. ಸೂಪರ್ ಫಾಸ್ಫೇಟ್ ಘಟಕಗಳು ಅದನ್ನು ಹೊಸ ಆಮ್ಲದ ಜೊತೆ ಬೆರೆಸಿ ಬಳಸುತ್ತವೆ. ಬೆರೆಸಲೇಬೇಕು, ಏಕೆಂದರೆ ಇಲ್ಲಿ ಲಗಾಮು ಹಾಕುವುದು ನೀರು. ಶೇ. 30ರ ಆಮ್ಲದಲ್ಲೂ ಕಲ್ಲನ್ನು ಮುರಿಯುವ ಹೈಡ್ರೋಜನ್ ಅಯಾನುಗಳು ಬೇಕಾದಷ್ಟಿವೆ. ಆದರೆ ಜೊತೆಗೆ ಬರುವ ನೀರಿನಿಂದ ರಾಡಿ ಗಟ್ಟಿಯಾಗುವುದಿಲ್ಲ, ಡೆನ್‌ನಿಂದ ಗೊಬ್ಬರದ ಬದಲು ಕೆಸರು ಹೊರಬರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ದೇಶದ ‘ಹೊಸ’ ಆಮ್ಲದಲ್ಲೂ ಸಾಕಷ್ಟು ಪಾಲು ತ್ಯಾಜ್ಯದಿಂದಲೇ ಬಂದದ್ದು. ಸತು, ತಾಮ್ರದ ಅದಿರುಗಳು ಗಂಧಕದೊಡನೆ ಕೂಡಿರುತ್ತವೆ. ಅದಿರನ್ನು ಹುರಿದಾಗ ಏಳುವ ಗಂಧಕದ ಹೊಗೆಯನ್ನು ಹಿಡಿದು ಆಮ್ಲ ಮಾಡದಿದ್ದರೆ ಅದು ಊರಿನ ಮೇಲೆ ಹುಳಿಮಳೆಯಾಗಿ ಸುರಿಯುತ್ತದೆ. ರಾಜಸ್ಥಾನದ ಉದಯಪುರದ ಸುತ್ತ ಸತು ಕರಗಿಸುವ ಕುಲುಮೆಯೂ ಝಾಮರ್‌ಕೋಟ್ರಾದ ಫಾಸ್ಫೇಟ್ ಗಣಿಯೂ ಹತ್ತಿರ ಹತ್ತಿರವೇ ಇರುವುದರಿಂದ ಅಲ್ಲಿ ಸೂಪರ್ ಫಾಸ್ಫೇಟ್ ಘಟಕಗಳು ಗುಂಪುಗಟ್ಟಿವೆ. ತಮಿಳುನಾಡಿನಲ್ಲಿ ತೂತ್ತುಕುಡಿಯ ತಾಮ್ರದ ಕುಲುಮೆ 2018ರಲ್ಲಿ ಜನರ ಹೋರಾಟ, ಸಾವುಗಳ ನಂತರ ಮುಚ್ಚಿದಾಗ ರಾಜ್ಯದಲ್ಲಿ ಗಂಧಕಾಮ್ಲದ ಪೂರೈಕೆ ತಟ್ಟನೆ ಕುಗ್ಗಿತು. ಒಂದು ಕಡೆಯ ಹೊಗೆ ಇನ್ನೊಂದು ಕಡೆಯ ಗೊಬ್ಬರವಾಗಿತ್ತು ಎಂಬುದು ಆಗ ಬಹಳ ಜನರಿಗೆ ತಿಳಿಯಿತು. ಊರಿನ ಉಸಿರು ಕೆಡಿಸಿ ಗೊಬ್ಬರ ಮಾಡಬೇಕಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಹೊಸೂರಿಗೆ ಬರೋಣ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಇಲ್ಲಿಗೆ ಲಾರಿ ಬಂತು, ಮೊಪೆಡ್ ಬಂತು, ಕೈಗಡಿಯಾರ ಬಂತು. ಅವಕ್ಕೆ ಬಿಡಿಭಾಗ ಮಾಡಿಕೊಡುವ ನೂರಾರು ಸಣ್ಣ ಘಟಕಗಳು ಬಂದವು. ಈಚೆಗೆ ಎಲೆಕ್ಟ್ರಾನಿಕ್ಸ್ ಬಂದಿದೆ. ಲೋಹ ಎಲ್ಲಿದೆಯೋ ಅಲ್ಲಿ ಆಮ್ಲ ಇರಲೇಬೇಕು. ತುಕ್ಕು ತೆಗೆಯಲು, ಹೊಳಪು ಕೊಡಲು, ಬಣ್ಣ ಹಿಡಿಯುವಂತೆ ಮೈ ಒರಟು ಮಾಡಲು ಆಮ್ಲವೇ ಬೇಕು. ಸಿಪ್‌ಕಾಟಿನ ಬೇಲಿಯಾಚೆ ಎಲೆಕೋಸಿನ ಹೊಲ, ಈಚೆ ಬಳಸಿ ಬಿಟ್ಟ ಆಮ್ಲದ ಡ್ರಮ್ಮುಗಳು. ಇವೆರಡನ್ನೂ ಜೋಡಿಸಿಬಿಡೋಣ ಎಂಬ ಯೋಚನೆ ಯಾರಿಗಾದರೂ ಬಂದೀತು. ಬರಲೂ ಬೇಕು. ಆದರೆ ಒಂದೊಂದು ಡ್ರಮ್ಮನ್ನೂ ಬೇರೆ ಬೇರೆಯಾಗಿ ನೋಡಬೇಕು. ಸನ್ಯಾಸಿಯ ಪೂರ್ವಾಶ್ರಮವನ್ನು ಕೇಳಬಾರದು ಎನ್ನುವುದು ನಮ್ಮಲ್ಲಿರುವ ಮರ್ಯಾದೆ. ಆಮ್ಲದ ವಿಷಯದಲ್ಲಿ ಮೊಟ್ಟಮೊದಲು ಕೇಳಬೇಕಾದ್ದು ಅದನ್ನೇ.

ಉಕ್ಕಿನ ತುಕ್ಕು ತೆಗೆಯುವ ಕೆಲಸಕ್ಕೆ, ಅಂದರೆ ಪಿಕ್ಲಿಂಗಿಗೆ, ಈಗ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. ಅದು ಹೊರಬರುವಾಗ ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ಮೈತುಂಬ ಕಬ್ಬಿಣ. ಇದನ್ನು ಫಾಸ್ಫೇಟ್ ಶಿಲೆಗೆ ಸುರಿದರೆ ಎರಡು ತೊಂದರೆ. ಕ್ಯಾಲ್ಸಿಯಂ ಕ್ಲೋರೈಡ್ ಹುಟ್ಟಿ ಗಾಳಿಯ ತೇವವನ್ನೆಲ್ಲ ಹೀರುತ್ತದೆ, ಗೊಬ್ಬರ ಒದ್ದೆ ಮುದ್ದೆಯಾಗುತ್ತದೆ. ಬಿಡುಗಡೆಯಾದ ಫಾಸ್ಫೇಟನ್ನು ಕಬ್ಬಿಣ ಮತ್ತೆ ಹಿಡಿದುಕೊಳ್ಳುತ್ತದೆ. ಕೆಂಪು ಮಣ್ಣು ಹೊಲದಲ್ಲಿ ಮಾಡುವ ತಂಟೆಯನ್ನು ನಾವು ಕಾರ್ಖಾನೆಯಲ್ಲೇ ಮಾಡಿಟ್ಟಂತೆ. ಈ ಆಮ್ಲ ಗೊಬ್ಬರಕ್ಕೆ ಬೇಡ. ಇದಕ್ಕೆ ಬೇರೊಂದು ಒಳ್ಳೆಯ ಕೆಲಸವಿದೆ, ಮುಂದೆ ಹೇಳುತ್ತೇನೆ.

ಬ್ಯಾಟರಿಯ ಆಮ್ಲ ಗಂಧಕಾಮ್ಲವೇ. ಆದರೆ ಸೀಸದ ತಟ್ಟೆಗಳ ನಡುವೆ ವರ್ಷಗಟ್ಟಲೆ ಇದ್ದು ಬಂದದ್ದು. ಅದು ಹೊಲದ ಹತ್ತಿರ ಸುಳಿಯಕೂಡದು. ಕ್ರೋಮ್ ಪ್ಲೇಟಿಂಗಿನ ದ್ರವವೂ ಹಾಗೇ. ವಾಹನದ ಬಾಡಿಗೆ ಪೇಂಟ್ ಹಿಡಿಯಲೆಂದು ಮಾಡುವ ‘ಫಾಸ್ಫೇಟಿಂಗ್’ ತೊಟ್ಟಿಯ ತಳದಲ್ಲಿ ನಿಲ್ಲುವ ಕೆಸರಿನಲ್ಲಿ ಫಾಸ್ಫೇಟ್ ಇರುವುದು ನಿಜ, ಸತುವೂ ಇದೆ, ಮಣ್ಣಿಗೆ ಸತು ಬೇಕಾದದ್ದೇ. ಆದರೆ ಜೊತೆಗೆ ನಿಕಲ್ ಇರುತ್ತದೆ. ಬೇಡ.

ಇನ್ನು ಅಲ್ಯುಮಿನಿಯಂ. ಕನ್ನಡಿಯಂತೆ ಹೊಳೆಯುವ ಅಲ್ಯುಮಿನಿಯಂ ಮೈ ಬೇಕೆಂದರೆ ಅದನ್ನು ಬಿಸಿಯಾದ, ಗಟ್ಟಿ ಫಾಸ್ಫಾರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಸ್ವಲ್ಪ ನೈಟ್ರಿಕ್ ಆಮ್ಲವೋ ಗಂಧಕಾಮ್ಲವೋ ಬೆರೆತಿರುತ್ತದೆ. ಇದಕ್ಕೆ ‘ಬ್ರೈಟ್ ಡಿಪ್’ ಎಂದು ಹೆಸರು. ಉಳಿದೆಲ್ಲ ಆಮ್ಲಗಳಿಗಿಂತ ಇದು ಭಿನ್ನ. ಗಂಧಕಾಮ್ಲ ಕಲ್ಲಿನಿಂದ ರಂಜಕವನ್ನು ಬಿಡಿಸಬಲ್ಲದು, ಅಷ್ಟೇ. ಫಾಸ್ಫಾರಿಕ್ ಆಮ್ಲ ಸ್ವತಃ ರಂಜಕವನ್ನು ಹೊತ್ತಿದೆ. ಅದು ಅಪಟೈಟನ್ನು ಕರಗಿಸಿದಾಗ ಕಲ್ಲಿನ ರಂಜಕ, ಆಮ್ಲದ ರಂಜಕ ಎರಡೂ ಒಂದಾಗಿ, ಜಿಪ್ಸಮ್ಮಿನ ಹೊರೆಯೇ ಇಲ್ಲದ ಗಟ್ಟಿ ಗೊಬ್ಬರವಾಗುತ್ತದೆ. ಅದೇ ಟ್ರಿಪಲ್ ಸೂಪರ್ ಫಾಸ್ಫೇಟ್, ಫಾಸ್ಫೇಟಿನ ಪಾಲು ಶೇ. 46. ಅಮೋನಿಯಾದೊಂದಿಗೆ ಸೇರಿಸಿದರೆ ಅಮೋನಿಯಂ ಫಾಸ್ಫೇಟ್. ಹೊಳಪಿಗಾಗಿ ಬಳಸಿದ ಈ ಆಮ್ಲವನ್ನು ಅಮೆರಿಕದಲ್ಲಿ ಗೊಬ್ಬರದವರು ಹಿಂದಿನಿಂದಲೂ ಕೊಳ್ಳುತ್ತಿದ್ದರು. ಕರಗಿದ ಅಲ್ಯುಮಿನಿಯಮ್ಮೇ ಇದರ ತೊಡಕು. ಅದು ಹೆಚ್ಚಾದಷ್ಟೂ ಅಲ್ಯುಮಿನಿಯಂ ಫಾಸ್ಫೇಟ್ ಆಗಿ ರಂಜಕ ಮತ್ತೆ ಕಟ್ಟಿಬೀಳುತ್ತದೆ. ಹೊಳಪು ಹೆಚ್ಚಲೆಂದು ತಾಮ್ರದ ಲವಣ ಹಾಕುವುದೂ ಉಂಟು, ಅದನ್ನೂ ಅಳೆಯಬೇಕು. ಆದರೂ ಹೊಸೂರಿನಂಥ ಊರಿನಲ್ಲಿ ಹೊಲದ ಹಾದಿ ಹಿಡಿಯಲು ಎಲ್ಲಕ್ಕಿಂತ ಅರ್ಹವಾದ ಆಮ್ಲ ಇದೇ ಎಂದು ನಾನು ನಂಬುತ್ತೇನೆ. ಸುಣ್ಣ ಹಾಕಿ ಅದನ್ನು ಕೆಸರು ಮಾಡಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯದ ಗುಂಡಿಯಲ್ಲಿ ಹೂಳುವುದೆಂದರೆ ಮೊರಾಕೊದಿಂದಲೋ ಜೋರ್ಡಾನಿನಿಂದಲೋ ಹಡಗಿನಲ್ಲಿ ಬಂದ ರಂಜಕವನ್ನು ನಮ್ಮ ಕೈಯಾರೆ ಸಮಾಧಿ ಮಾಡಿದಂತೆ.

ಶಿಲೆ ಅಷ್ಟು ದೂರದಿಂದಲೇ ಬರಬೇಕೇ? ಕೃಷ್ಣಗಿರಿ ಸೀಮೆಯ ಭೂಗರ್ಭಕ್ಕೆ ಇಲ್ಲೊಂದು ವಿಶೇಷವಿದೆ. ಜಿಲ್ಲೆಯ ಪೂರ್ವದಲ್ಲಿ ಸಾಮಲ್‌ಪಟ್ಟಿ, ಅದಕ್ಕೂ ಆಚೆ ತಿರುಪ್ಪತ್ತೂರಿನ ಹತ್ತಿರ ಸೇವತ್ತೂರು, ನೈಋತ್ಯಕ್ಕೆ, ನೆರೆಯ ಜಿಲ್ಲೆಯಲ್ಲಿ, ಕಾವೇರಿ ದಂಡೆಯ ಹೊಗೇನಕಲ್ಲು. ಮೂರೂ ಕಡೆ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯಿದೆ. ಲಾವಾ ಎಂದರೆ ಕರಗಿದ ಸಿಲಿಕೇಟ್ ಎಂದು ನಾವು ಓದಿರುತ್ತೇವೆ. ಕಾರ್ಬೊನಟೈಟ್ ಹಾಗಲ್ಲ, ಅದು ಕರಗಿದ ಕಾರ್ಬೊನೇಟ್ ಆಳದಿಂದ ಮೇಲೆದ್ದು ತಣಿದದ್ದು. ಇಂಥ ಲಾವಾ ಕಾರುವ ಜೀವಂತ ಜ್ವಾಲಾಮುಖಿ ಜಗತ್ತಿನಲ್ಲಿ ಈಗ ಇರುವುದು ಒಂದೇ, ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್. ನಮ್ಮವು ಬಹಳ ಹಳೆಯವು. ಸೇವತ್ತೂರಿನದು ಎಂಬತ್ತು ಕೋಟಿ ವರ್ಷಗಳ ಆಸುಪಾಸು, ಹೊಗೇನಕಲ್ಲಿನದು ಸುಮಾರು 240 ಕೋಟಿ ವರ್ಷ. ಕಾರ್ಬೊನಟೈಟ್ ಇದ್ದಲ್ಲಿ ಅಪಟೈಟ್ ಇರುವುದು ಸಹಜ. ಸೇವತ್ತೂರಿನಲ್ಲಿ ಅಪಟೈಟ್, ವರ್ಮಿಕ್ಯುಲೈಟ್, ನಯೋಬಿಯಂ ಹೊತ್ತ ಪೈರೋಕ್ಲೋರ್ ಇವನ್ನೆಲ್ಲ ಭೂವಿಜ್ಞಾನಿಗಳು ಗುರುತಿಸಿ ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಅಪಟೈಟ್ ಇದೆ ಎಂದಮಾತ್ರಕ್ಕೆ ಗೊಬ್ಬರ ಇದೆ ಎಂದಲ್ಲ. ಸುತ್ತ ಇರುವ ಕ್ಯಾಲ್ಸೈಟ್ ಸುಣ್ಣಕಲ್ಲಿನ ಜಾತಿ, ಆಮ್ಲಕ್ಕೆ ಪರಮ ಶತ್ರು. ಒಂದು ಕಿಲೊ ಅಪಟೈಟ್ ಒಡೆಯಲು ಲೆಕ್ಕದ ಪ್ರಕಾರ 680 ಗ್ರಾಂ ಗಂಧಕಾಮ್ಲ ಸಾಕು. ಒಂದು ಕಿಲೊ ಕ್ಯಾಲ್ಸೈಟ್ 980 ಗ್ರಾಂ ಆಮ್ಲವನ್ನು ನುಂಗಿ, ಬದಲಿಗೆ ಜಿಪ್ಸಂ, ಇಂಗಾಲದ ಡೈಆಕ್ಸೈಡ್, ಉಕ್ಕುವ ನೊರೆ ಕೊಡುತ್ತದೆ. ರಂಜಕ ಎಳ್ಳಷ್ಟೂ ಇಲ್ಲ. ಝಾಮರ್‌ಕೋಟ್ರಾದ ಕೆಳದರ್ಜೆಯ ಅದಿರಿಗೂ ಇದೇ ಕಷ್ಟ, ಅಲ್ಲಿ ಡಾಲಮೈಟ್ ಬೆರೆತಿದೆ. ಅದನ್ನು ಅರೆದು, ನೀರಿನಲ್ಲಿ ನೊರೆಯೆಬ್ಬಿಸಿ, ಖನಿಜಗಳನ್ನು ಬೇರ್ಪಡಿಸಿದ ಮೇಲೆಯೇ ಆಮ್ಲಕ್ಕೆ ಕೊಡುತ್ತಾರೆ. ಇನ್ನೊಂದು ದಾರಿಯೂ ಇದೆ. ಅಸಿಟಿಕ್ ಆಮ್ಲದಂಥ ದುರ್ಬಲ, ತೆಳು ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ, ಅಪಟೈಟಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಪ್ರಬಲ ಆಮ್ಲಕ್ಕೆ ಈ ವಿವೇಚನೆ ಇಲ್ಲ. ಬಲವಿಲ್ಲವೆಂದು ಬಿಸಾಡುವ ತೆಳು ಆಮ್ಲಗಳಿಗೂ ಹೀಗೆ ಅದಿರು ತೊಳೆಯುವ ಕೆಲಸ ಸಿಗಬಹುದು. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿ ನಡೆದಿದೆ. ತೊಳೆದ ಮೇಲೆ ಉಳಿಯುವ ಕ್ಯಾಲ್ಸಿಯಂ ತುಂಬಿದ ನೀರನ್ನು ಏನು ಮಾಡಬೇಕೆಂಬುದೇ ಖರ್ಚಿನ ಪ್ರಶ್ನೆ.

ಅಪಟೈಟಿನೊಳಗಿನ ಫ್ಲೋರಿನ್ನಿನ ಕಥೆ ಈ ನೆಲದಲ್ಲಿ ಬೇರೆ ಊರುಗಳಂತಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮೊದಲೇ ಅಧಿಕ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ದಾಟಿದ ನೀರು ಕುಡಿದು ಎಷ್ಟೋ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿದೆ, ದೊಡ್ಡವರ ಮೂಳೆ ಬಿಗಿದಿದೆ. ಇದಕ್ಕೆಂದೇ ಜಪಾನಿನ ನೆರವಿನಿಂದ ಹೊಗೇನಕಲ್ಲಿನ ಕಾವೇರಿ ನೀರನ್ನು ಎರಡೂ ಜಿಲ್ಲೆಗಳಿಗೆ ಹರಿಸುವ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ತಗ್ಗಿಸುವ ಮಾತಿದೆ. ಹೀಗಿರುವಾಗ ಫಾಸ್ಫೇಟ್ ಶಿಲೆಯನ್ನು ಆಮ್ಲದಲ್ಲಿ ಕಲಸಿದರೆ ಏನಾಗುತ್ತದೆ ನೋಡಿ. ಶಿಲೆಯಲ್ಲಿ ಫ್ಲೋರಿನ್ ಶೇ. 3ರಿಂದ 4. ಅದರಲ್ಲಿ ಸ್ಥೂಲವಾಗಿ ಕಾಲು ಭಾಗ ಡೆನ್‌ನಿಂದ ವಿಷಾನಿಲವಾಗಿ ಏಳುತ್ತದೆ. ದಿನಕ್ಕೆ 100 ಟನ್ ಶಿಲೆ ಬಳಸುವ ಘಟಕವೆಂದರೆ ದಿನಕ್ಕೆ ಮುಕ್ಕಾಲರಿಂದ ಒಂದು ಟನ್ ಫ್ಲೋರಿನ್.

ಅದನ್ನು ಹಿಡಿಯುವುದು ಸಾಧ್ಯ, ಕಷ್ಟವೂ ಅಲ್ಲ. ಅನಿಲವನ್ನು ನೀರಿನ ತುಂತುರಿನಲ್ಲಿ ಹಾಯಿಸುವ ಸ್ಕ್ರಬ್ಬರುಗಳಿವೆ. ಶಿಲೆಯ ಮರಳಿನೊಂದಿಗೆ ಕೂಡಿ ಬಂದ ಫ್ಲೋರಿನ್ ಆ ನೀರಿನಲ್ಲಿ ಕರಗಿ ಫ್ಲೋರೋಸಿಲಿಸಿಕ್ ಎಂಬ ಮತ್ತೊಂದು ಆಮ್ಲವಾಗುತ್ತದೆ. ಲೋಳೆಯಂಥ ಸಿಲಿಕಾ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ಕೆರೆದು ತೆಗೆಯಬೇಕು. ಆ ಹುಳಿನೀರನ್ನೇ ಗಂಧಕಾಮ್ಲ ತೆಳುಮಾಡಲು ಮತ್ತೆ ಬಳಸುವ ಪದ್ಧತಿ ಸೂಪರ್ ಕಾರ್ಖಾನೆಗಳಲ್ಲಿದೆ. ಒಂದು ಹನಿಯೂ ಹೊರಗೆ ಹೋಗದಂತೆ ಕಾರ್ಖಾನೆ ತನ್ನ ಆಮ್ಲವನ್ನು ತಾನೇ ಮರುಬಳಸುವ ಈ ಕ್ರಮವೇ ನನ್ನ ಮಟ್ಟಿಗೆ ಇಡೀ ವಿದ್ಯೆಯ ಅತ್ಯಂತ ಸುಂದರ ಭಾಗ. ಆದರೆ ಕರೆಂಟು ಉಳಿಸಲೆಂದು ಸ್ಕ್ರಬ್ಬರಿನ ಪಂಪನ್ನು ಯಾವ ರಾತ್ರಿ ನಿಲ್ಲಿಸುತ್ತಾರೋ ಆ ರಾತ್ರಿ ಸುತ್ತಲಿನ ಮಾವಿನ ಎಲೆಗಳ ತುದಿ ಸುಡುತ್ತದೆ. ಫ್ಲೋರೈಡ್ ಈಗಾಗಲೇ ಹೆಚ್ಚಿರುವ ಜಿಲ್ಲೆಯಲ್ಲಿ ಇಂಥ ಘಟಕ ಬರುವುದಾದರೆ ಸ್ಕ್ರಬ್ಬರಿನ ಮಾಪನ ದಿನದ 24 ಗಂಟೆಯೂ ಊರಿನವರ ಕಣ್ಣಿಗೆ ಕಾಣುವಂತಿರಬೇಕು.

ಲೋಹಗಳಿಗೆ ಇಂಥ ಸುಲಭದ ಸ್ಕ್ರಬ್ಬರ್ ಇಲ್ಲ. ಆಮ್ಲದಲ್ಲಿ ಬಂದದ್ದು ಗೊಬ್ಬರದಲ್ಲಿ ಹೋಗುತ್ತದೆ, ಗೊಬ್ಬರದಲ್ಲಿ ಹೋದದ್ದು ಮಣ್ಣಿನಲ್ಲಿ ನಿಲ್ಲುತ್ತದೆ. ಒಂದು ಉದಾಹರಣೆಗೆ, ಬಳಸಿ ಬಿಟ್ಟ ಆಮ್ಲವೊಂದರಲ್ಲಿ ಕಿಲೊಗೆ 100 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಎಂದುಕೊಳ್ಳಿ. ಒಂದು ಟನ್ ಸೂಪರ್‌ಗೆ ಸುಮಾರು 370 ಕೆಜಿ ಆಮ್ಲ ಬೇಕು, ಅಂದರೆ ಗೊಬ್ಬರದಲ್ಲಿ ಕಿಲೊಗೆ 37 ಮಿಲಿಗ್ರಾಂ. ಎಕರೆಗೆ ಮೂರು ಮೂಟೆ, 150 ಕೆಜಿ ಹಾಕಿದರೆ ಐದೂವರೆ ಗ್ರಾಂ. ಉಳುವ ಆಳದ ಮಣ್ಣು ಎಕರೆಗೆ ಹೆಚ್ಚುಕಡಿಮೆ 900 ಟನ್ ತೂಗುತ್ತದೆ. ಅಷ್ಟು ಮಣ್ಣಿನಲ್ಲಿ ಐದೂವರೆ ಗ್ರಾಂ ಎಂದರೆ ಒಂದು ವರ್ಷಕ್ಕೆ ಅಳೆಯಲೂ ಕಷ್ಟ. ಐವತ್ತು ವರ್ಷವಾದರೆ ಕಿಲೊಗೆ 0.3 ಮಿಲಿಗ್ರಾಂ. ಸ್ವಚ್ಛ ಮಣ್ಣಿನಲ್ಲಿ ಸಹಜವಾಗಿ ಇರುವ ಕ್ಯಾಡ್ಮಿಯಂ ಕೂಡ ಸುಮಾರು ಅಷ್ಟೇ. ಮೊಮ್ಮಗ ಉಳುವ ಹೊತ್ತಿಗೆ ಎರಡರಷ್ಟು. ನ್ಯೂಜಿಲೆಂಡಿನಲ್ಲಿ ಇದು ಲೆಕ್ಕವಾಗಿ ಉಳಿಯದೆ ನಡೆದೇಹೋಗಿದೆ. ಕ್ಯಾಡ್ಮಿಯಂ ಹೆಚ್ಚಿದ್ದ ನೌರು ದ್ವೀಪದ ಶಿಲೆಯಿಂದ ಮಾಡಿದ ಸೂಪರ್ ಫಾಸ್ಫೇಟನ್ನು ದಶಕಗಟ್ಟಲೆ ಹುಲ್ಲುಗಾವಲಿಗೆ ಹಾಕಿದ ಮೇಲೆ, 30 ತಿಂಗಳು ದಾಟಿದ ಕುರಿ, ದನಗಳ ಮೂತ್ರಪಿಂಡವನ್ನು ಜನರ ಊಟಕ್ಕೆ ಬಳಸುವುದನ್ನೇ ಅಲ್ಲಿ ನಿಲ್ಲಿಸಬೇಕಾಯಿತು. ಅಲ್ಲಿ ದೋಷ ಶಿಲೆಯದು, ಆಮ್ಲದ್ದಲ್ಲ. ಹೊಲಕ್ಕೆ ಆ ಭೇದ ಗೊತ್ತಿಲ್ಲ.

ರಾಣಿಪೇಟೆಯೇ ಇದಕ್ಕೆ ಕಣ್ಣೆದುರಿನ ಪಾಠ. ದೇಶದ ಮೊದಲ ಸೂಪರ್ ಫಾಸ್ಫೇಟ್ ಹುಟ್ಟಿದ ಊರಿನಲ್ಲೇ ಚರ್ಮ ಹದಮಾಡುವವರಿಗೆ ಬೇಕಾದ ಕ್ರೋಮೇಟ್ ಲವಣಗಳ ಕಾರ್ಖಾನೆಯೊಂದಿತ್ತು. 1995ರಲ್ಲಿ ಅದು ಮುಚ್ಚಿದಾಗ ಸುಮಾರು ಒಂದೂವರೆ ಲಕ್ಷ ಟನ್ ಕ್ರೋಮಿಯಂ ತ್ಯಾಜ್ಯ ಅಂಗಳದಲ್ಲೇ ಉಳಿಯಿತು, ಮಳೆಗೆ ಕರಗಿ ಅಂತರ್ಜಲಕ್ಕೆ ಹಳದಿಯಾಗಿ ಇಳಿಯಿತು. ಒಮ್ಮೆ ಮಣ್ಣು ಸೇರಿದ ಲೋಹವನ್ನು ಹೊರತೆಗೆಯಲು ಹತ್ತಾರು ವರ್ಷಗಳೂ ಸಾಲವು.

ಕಾನೂನು ಇದಕ್ಕೆ ಕುರುಡಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ 9ನೆಯದು ಒಬ್ಬರ ತ್ಯಾಜ್ಯ ಇನ್ನೊಬ್ಬರ ಕಚ್ಚಾವಸ್ತುವಾಗಲು ದಾರಿ ಬಿಡುತ್ತದೆ. ಕೇಂದ್ರ ಮಂಡಳಿ ರೂಪಿಸಿದ ಕಾರ್ಯವಿಧಾನಕ್ಕೆ ಒಪ್ಪಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು. ಟ್ಯಾಂಕರ್ ಹೊರಟಲ್ಲಿಂದ ಇಳಿದಲ್ಲಿಯವರೆಗೆ ಮ್ಯಾನಿಫೆಸ್ಟ್ ಪತ್ರ ಜೊತೆಗಿರಬೇಕು. ಆದರೆ ಪತ್ರದಲ್ಲಿ ‘ಗಂಧಕಾಮ್ಲ, ಇಷ್ಟು ಶೇಕಡಾ’ ಎಂದಿದ್ದರೆ ಸಾಲದು. ಬಲವನ್ನು ಅಳೆಯುವುದು ಸುಲಭ, ಹೈಡ್ರೋಮೀಟರ್ ಇಳಿಬಿಟ್ಟರೆ ಗೊತ್ತಾಗುತ್ತದೆ. ಸೀಸ, ಕ್ಯಾಡ್ಮಿಯಂ, ನಿಕಲ್, ಕ್ರೋಮಿಯಂ, ಆರ್ಸೆನಿಕ್ ಅಳೆಯಲು ಪ್ರಯೋಗಾಲಯ ಬೇಕು, ಟ್ಯಾಂಕರಿಗೊಂದು ಪರೀಕ್ಷೆ ಬೇಕು. ಯುರೋಪಿನ ಒಕ್ಕೂಟ ರಂಜಕದ ಗೊಬ್ಬರಕ್ಕೆ ಪ್ರತಿ ಕಿಲೊ ಫಾಸ್ಫೇಟಿಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಹಾಕಿದೆ. ನಮ್ಮ ಗೊಬ್ಬರ ನಿಯಂತ್ರಣ ಆದೇಶ ಪೇಟೆಯ ಕಸದಿಂದ ಮಾಡಿದ ಕಾಂಪೋಸ್ಟಿಗೆ ಕಿಲೊಗೆ 5 ಮಿಲಿಗ್ರಾಂ ಎನ್ನುತ್ತದೆ. ಕಾಂಪೋಸ್ಟಿಗೆ ತೋರಿದ ಈ ಕಟ್ಟುನಿಟ್ಟನ್ನು ಮರುಬಳಕೆಯ ಆಮ್ಲದಿಂದ ಹುಟ್ಟಿದ ಪ್ರತಿ ಮೂಟೆಗೂ ತೋರಬೇಕು. ರೈತರಿಗೆ ಮೂಟೆಯ ಒಳಗಿನದನ್ನು ಪರೀಕ್ಷಿಸುವ ದಾರಿಯಿಲ್ಲ, ಅವರು ನಂಬಿ ಕೊಳ್ಳುತ್ತಾರೆ.

ಹೊಸೂರಿಗೆ ರಂಜಕ ಬರುವ ಇನ್ನೊಂದು ದಾರಿಯುಂಟು, ಅದು ಹರಿಯುವ ದಾರಿ. ನಂದಿಬೆಟ್ಟದ ಕಡೆಯಿಂದ ಇಳಿಯುವ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ಸೇರುತ್ತದೆ. ಗಡಿ ದಾಟಿದ ಕೂಡಲೇ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು. ಮಳೆ ಜೋರಾಗಿ ಬಾಗಿಲು ತೆರೆದಾಗ ಅಲ್ಲಿ ಆಳೆತ್ತರದ ನೊರೆ ಏಳುತ್ತದೆ. ನೊರೆ ಬರಿಸುವುದು ಸೋಪಿನ ಪುಡಿಯ ರಾಸಾಯನಿಕ, ಆಸಿಡ್ ಸ್ಲರಿಯಿಂದ ಹುಟ್ಟಿದ್ದೇ. ಅದೇ ನೀರಿನಲ್ಲಿ ಕಣ್ಣಿಗೆ ಕಾಣದೆ ಕರಗಿ ಬರುವುದು ಒಂದು ಮಹಾನಗರದ ಊಟದ ರಂಜಕ. ಅಲ್ಲಿಂದ ಅದು ಕೃಷ್ಣಗಿರಿ ಅಣೆಕಟ್ಟಿಗೆ, ಸಾತನೂರಿಗೆ, ಕೊನೆಗೆ ಕಡಲೂರಿನ ಬಳಿ ಬಂಗಾಳಕೊಲ್ಲಿಗೆ. ಉಕ್ಕಿನ ಪಿಕ್ಲಿಂಗಿನಿಂದ ಬಂದ ಕಬ್ಬಿಣದ ಆಮ್ಲಕ್ಕೆ ಬೇರೆ ಕೆಲಸವಿದೆ ಎಂದೆನಲ್ಲ, ಅದು ಇಲ್ಲಿ. ಕೊಳಚೆ ಶುದ್ಧೀಕರಣ ಘಟಕದಲ್ಲಿ ಕಬ್ಬಿಣದ ಕ್ಲೋರೈಡ್ ಬೆರೆಸಿದರೆ ಫಾಸ್ಫೇಟ್ ಕೆಸರಾಗಿ ತಳಕ್ಕಿಳಿಯುತ್ತದೆ, ನದಿಗೆ ಹೋಗುವುದಿಲ್ಲ. ಇದಕ್ಕೆ ಬಳಸಿದ ಪಿಕ್ಲಿಂಗ್ ದ್ರವವೇ ಸಾಕು ಎಂಬುದು ಬಹಳ ದೇಶಗಳಲ್ಲಿ ರೂಢಿಯಲ್ಲಿರುವ ಮಾತು.

ಆ ಕೆಸರನ್ನು ಒಣಗಿಸಿ ಬೇರೆಯಾಗಿ ಸುಟ್ಟರೆ ಸಿಗುವ ಬೂದಿಯಲ್ಲಿ ಫಾಸ್ಫೇಟ್ ಸುಮಾರು ಶೇ. 15ರಿಂದ 25. ಝಾಮರ್‌ಕೋಟ್ರಾದ ಕೆಳದರ್ಜೆಯ ಅದಿರಿಗೆ ಸಮ, ಕೆಲವೊಮ್ಮೆ ಮೇಲು. ಜರ್ಮನಿ 2017ರಲ್ಲಿ ಕಾನೂನು ಮಾಡಿ, ದೊಡ್ಡ ಊರುಗಳ ಕೊಳಚೆ ಕೆಸರಿನಿಂದ 2029ರ ಹೊತ್ತಿಗೆ ರಂಜಕ ಹಿಂಪಡೆಯಲೇಬೇಕು ಎಂದಿದೆ. ಹ್ಯಾಂಬುರ್ಗ್‌ನಲ್ಲಿ ಬೂದಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಬೇರೆ ಮಾಡಿ, ಹಾಕಿದ್ದಕ್ಕಿಂತ ಹೆಚ್ಚು ಫಾಸ್ಫಾರಿಕ್ ಆಮ್ಲವನ್ನೇ ಮರಳಿ ಪಡೆಯುವ ಘಟಕ ಕಟ್ಟಿದ್ದಾರೆ. ಬೆಂಗಳೂರಿನ ಕೆಸರು ಹೊಸೂರಿಗೆ ಗಣಿಯಾಗಬೇಕಾದರೆ ಆಗಬೇಕಾದ ಮೊದಲ ಕೆಲಸ ಬೆಂಗಳೂರಿನದೇ: ಪೀಣ್ಯದಂಥ ಕಡೆಗಳ ಪ್ಲೇಟಿಂಗ್ ಘಟಕಗಳ ಚರಂಡಿಯೂ ಮನೆಗಳ ಒಳಚರಂಡಿಯೂ ಎಲ್ಲಿಯೂ ಒಂದಾಗದಂತೆ ಕೊಳವೆಗಳನ್ನು ಬೇರೆ ಮಾಡುವುದು.